ಮೂವತ್ತೊಂದನೆಯ ಫ್ಲಾಪಿ

ಶೂ ಡಬ್ಬಿಯಲ್ಲಿ ತಂದಿದ್ದರು ಎಂಡೆಲ್,
ನಲವತ್ತೆರಡು ಫ್ಲಾಪಿ, ಸುತ್ತ ಒಂದು ರಬ್ಬರ್ ಬ್ಯಾಂಡು.
ಮುಟ್ಟಿದ್ದೇ ತಡ, ಪುಡಿಯಾಯಿತು ಅದು.
"ಇದರಲ್ಲಿ ಹಕ್ಕಿಗಳಿವೆ" ಅಂದರು,
ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.
ಸಾರೆಮಾ ದ್ವೀಪದಿಂದ ತಾಲಿನ್ನಿನವರೆಗೆ
ದೋಣಿಯಲ್ಲೂ ಬಸ್ಸಿನಲ್ಲೂ
ಮಡಿಲಿನಿಂದ ಕೆಳಗಿಳಿಸಿರಲಿಲ್ಲವಂತೆ.

ಹಳೆಯ ಡ್ರೈವು ನನ್ನ ಹತ್ತಿರ ಎರಡಿವೆ.
ಒಂದರ ಬೆಲ್ಟು ಕರಗಿ ಅಂಟಾಗಿದೆ.
ಇನ್ನೊಂದು, ಮುಚ್ಚಿಹೋದ ಮೀನು ಕಾರ್ಖಾನೆಯ
ಲೆಕ್ಕದ ಕೋಣೆಯಿಂದ ಬಿಚ್ಚಿ ತಂದದ್ದು;
ಬಿಸಿಯೇರಿದರೆ ಈಗಲೂ ಸಣ್ಣಗೆ ಉಪ್ಪುಮೀನಿನ ನಾತ.
ಹತ್ತಿಕಡ್ಡಿ, ಸ್ಪಿರಿಟ್ಟು, ಉಸಿರು ಬಿಗಿಹಿಡಿದು
ಕಾಳಿನಷ್ಟು ತಲೆಯನ್ನು ಒರೆಸುವುದು,
ಫ್ಲಾಪಿ ತೂರಿಸಿ, ಅಗುಳಿ ತಿರುಗಿಸಿ
ಕಿವಿಗೊಡುವುದು.

ಗರ್ರ್ ಟಿಕ್. ಗರ್ರ್ ಟಿಕ್.
ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಜಾಣ.

ಎಂಬತ್ತೊಂಬತ್ತರ ಸೆಪ್ಟೆಂಬರು ಬಂತು.
ಉದ್ದಬಾಲದ ಬಾತು: ಎರಡು ಸಾವಿರದ ನೂರ ಹನ್ನೊಂದು.
ಕ್ರೌಂಚ: ನಲವತ್ತು. ಗಾಳಿ ವಾಯವ್ಯ, ಕೈ ಮರಗಟ್ಟಿದೆ.
ತೊಂಬತ್ತು ಬಂತು, ತೊಂಬತ್ತೊಂದೂ ಬಂತು.
ದೇಶದ ಬಾವುಟ ಬದಲಾದ ವಾರವೂ
ಬಾತುಗಳ ಸಾಲಿನಲ್ಲಿ ಬಾತುಗಳೇ.
"ಶಾಲೆಯಲ್ಲೊಂದೇ ಕಂಪ್ಯೂಟರು" ಅಂದರು ಎಂಡೆಲ್,
"ಶನಿವಾರ ಸೈಕಲ್ಲು ತುಳಿದು ಹೋಗಿ ತುಂಬುತ್ತಿದ್ದೆ.
ಮೇಷ್ಟರಿಗೆ ಅದಕ್ಕೊಂದು ಹೊಗೆಯಾಡಿಸಿದ ಮೀನು."

ಮೂವತ್ತೊಂದು ಮಾತ್ರ ಗಂಟಲು ಕಟ್ಟಿಕೊಂಡಿತು.
ತೊಂಬತ್ತೆರಡರ ಅಕ್ಟೋಬರ್ ಒಂಬತ್ತು,
ಅಲ್ಲಿಗೆ ಬಂದರೆ ಟಿಕ್ ಟಿಕ್ ಟಿಕ್
ಬಾಗಿಲು ಬಡಿದೇ ಬಡಿಯುವ ನೆಂಟನ ಹಾಗೆ.
ಓದಲಾಗದ ಜಾಗಕ್ಕೆ ನಮ್ಮ ಯಂತ್ರ
ತಾನೇ ಸೊನ್ನೆ ತುಂಬಿ ಮುಂದೆ ಹೋಗುತ್ತದೆ.
"ಒಂದೇ ದಿನ ತಾನೆ, ಬಿಟ್ಟುಬಿಡೋಣವೇ?"
ಮುದುಕ ಥರ್ಮಾಸಿನ ಮುಚ್ಚಳ ತಿರುಗಿಸುತ್ತ ಕೂತರು.
ಅದೇ ಉತ್ತರ.

ಕವರು ಕತ್ತರಿಸಿದೆ. ಒಳಗಿನ ಕಂದು ಬಿಲ್ಲೆಯನ್ನು
ಉಗುರುಬೆಚ್ಚನೆ ನೀರಿನಲ್ಲಿ, ಒಂದು ಹನಿ ಸೋಪಿನಲ್ಲಿ
ಎಳೆಗೂಸಿನ ತಲೆ ತೊಳೆದಂತೆ ತೊಳೆದೆ.
ಬೇರೆ ಕವರಿನೊಳಗೆ ಮಲಗಿಸಿದೆ.
ವೇಗ ತಗ್ಗಿಸಿ ಓದಿಸಿದೆ, ಕೋಣೆ ತಣ್ಣಗಿಟ್ಟು ಓದಿಸಿದೆ,
ಎಂಬತ್ತು ಸಲ, ನೂರಾಹತ್ತು ಸಲ.
ಅವರು ದಿನಾ ಬಂದರು, ಕಪ್ಪು ರೊಟ್ಟಿಯ ಚೂರು
ಕರವಸ್ತ್ರದಲ್ಲಿ ಸುತ್ತಿಕೊಂಡು, ನನಗೂ ಒಂದು.
ನಾನೋ, ಎಣಿಸತೊಡಗಿದ್ದೆ:
ಅವತ್ತು ಆಕಾಶ ಕಪ್ಪಾಗುವಷ್ಟು ಬಂದಿರಬೇಕು,
ದ್ವೀಪದಲ್ಲಿ ಯಾರೂ ಕಾಣದಷ್ಟು.

ಮೂರನೆಯ ಸಂಜೆ ಬಿಟ್ಟುಕೊಟ್ಟಿತು.
ಬೆಳಿಗ್ಗೆ ಐದರಿಂದ ಹನ್ನೊಂದು. ಮಂಜು.
ಬಾತು ಸೊನ್ನೆ. ಕ್ರೌಂಚ ಸೊನ್ನೆ.
ಸೊನ್ನೆ, ಸೊನ್ನೆ, ಕೊನೆಯವರೆಗೆ.

ಪೆಚ್ಚಾದೆ. ಇಷ್ಟಕ್ಕೆ ಇಷ್ಟು ದಿನವೇ?
ಎಂಡೆಲ್ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗಿಸಿ,
"ಇವು ನನ್ನವು" ಅಂದರು.
"ಮೇಲೆ ಹೋಗುತ್ತಿದ್ದವು ಕ್ರೌಂಚಗಳು.
ಕೂಗು, ಕೂಗು, ಒಂದು ಗಂಟೆ ಮುಗಿಯಲೇ ಇಲ್ಲ.
ಸಾವಿರವೋ, ಮೂರು ಸಾವಿರವೋ,
ತಲೆಯ ಮೇಲೆಯೇ.
ಕಂಡದ್ದನ್ನಷ್ಟೇ ಎಣಿಸಬೇಕು, ಅದು ನಿಯಮ.
ಆರು ಗಂಟೆ ನಿಂತು ಬರೆದ ಸೊನ್ನೆ ಅದು, ಮಗಳೇ.
ನಿನ್ನ ಯಂತ್ರದ್ದು
ನಿಲ್ಲದೇ ಬರೆಯುವ ಸೊನ್ನೆ."

ಪರದೆಯ ಮೇಲೆ ಎರಡೂ ಒಂದೇ ರೀತಿ ದುಂಡಗೆ.

ಎಲ್ಲ ಹಕ್ಕಿಗಳೂ ಉಗುರಗಲದ ಚಿಪ್ಪಿನಲ್ಲಿ ಕೂತವು,
ಇನ್ನೂ ಕೋಟಿಗೆ ಜಾಗ ಉಳಿದಿದೆ.
"ಇದಕ್ಕೆ ಎಷ್ಟು ಆಯಸ್ಸು?"
ಹತ್ತು ವರ್ಷ, ಆಮೇಲೆ ಯಾರಾದರೂ ಮತ್ತೆ ದಾಟಿಸಬೇಕು ಅಂದೆ.
ತಲೆಯಾಡಿಸಿದರು, ವಲಸೆಯ ಲೆಕ್ಕ ಬಲ್ಲವರು.

ಹೊರಡುವ ಮುಂಚೆ ಫ್ಲಾಪಿಗಳನ್ನು
ಒಂದೊಂದಾಗಿ ಡಬ್ಬಿಗೆ ಇಳಿಸಿದರು.
ತುಟಿ ಅಲ್ಲಾಡುತ್ತಿತ್ತು, ಹೆಬ್ಬೆರಳು ಒಳಗೊಳಗೇ
ಇಲ್ಲದ ಯಾವುದೋ ಗುಂಡಿ ಒತ್ತುತ್ತಿತ್ತು.
ಮೂವತ್ತೊಂದರ ಹರಿದ ಬರಿಗವರು ಬಂದಾಗ
ಒಂದು ಗಳಿಗೆ ತಡೆದು
ಅದನ್ನೂ ಎಣಿಸಿದರು.