ಒತ್ತು

ಅಂಗಡಿ ಮುಚ್ಚಿದ ಮೇಲೆ ಬರುತ್ತಿದ್ದಳು ಎರ್ಮೆಲಿಂಡ,
ನನ್ನ ಕ್ಷೌರದ ಕುರ್ಚಿಯಲ್ಲಿ ಕೂತು
ಕನ್ನಡಿಯ ಜೊತೆ ಮಾತಾಡಲು.
ನಾನು ನೆಲದ ಕೂದಲು ಗುಡಿಸುತ್ತಿದ್ದೆ.

ಮೂವತ್ತೊಂದು ವರ್ಷ ಜಂಕ್ಷನ್ನಿನ ಮೈಕಿನಲ್ಲಿ
ರೈಲುಗಳ ಹೊತ್ತು ಹೇಳಿದವಳು.
ಹೆಣ ಹೊತ್ತ ರೈಲಿಗೂ ಮದುವೆ ದಿಬ್ಬಣದ ರೈಲಿಗೂ
ಒಂದೇ ದನಿ, ಇಸ್ತ್ರಿ ಹಾಕಿದ ಹಾಗೆ.
ಅಣ್ಣ ಅಂಗೋಲಾದ ಯುದ್ಧಕ್ಕೆ ಹೊರಟ ದಿನವೂ
ಎರಡನೇ ಪ್ಲಾಟ್‌ಫಾರ್ಮ್, ಹತ್ತು ನಿಮಿಷ ತಡ, ಅಷ್ಟೆ.

ಈಗ ರೈಲನ್ನೇ ನಿಲ್ಲಿಸುತ್ತಾರಂತೆ. ಗುರುವಾರ
ಪುರಸಭೆಯಲ್ಲಿ ಅಹವಾಲು, ತಲಾ ಮೂರು ನಿಮಿಷ.
"ಗಾಸ್ಪರ್, ನನ್ನ ಮಾತಿಗೆ ಉಪ್ಪಿಲ್ಲ" ಎಂದಳು.

ಒಂದೇ ವಾಕ್ಯ ಹಿಡಿದೆವು: ನಾಲ್ಕೂವರೆಯ ರೈಲು ನಮಗೆ ಬೇಕು.
ನಾಲ್ಕೂವರೆಯದೇ ಎಂದಾಗ ಆಸ್ಪತ್ರೆಯಿಂದ ಮರಳುವವರು ಕಂಡರು.
ರೈಲೇ ಎಂದಾಗ
ಅವರು ಕೊಡುತ್ತೇವೆನ್ನುವ ಬಸ್ಸು ತಿರುವಿನಲ್ಲಿ ಏದುಸಿರು ಬಿಟ್ಟಿತು.
ನಮಗೇ ಎಂದಾಗ ಮಾತ್ರ ಜಗಳಗಂಟಿಯಂತೆ ಕೇಳಿಸಿ
ಇಬ್ಬರೂ ನಕ್ಕೆವು.
ಬೇಕೇ ಬೇಕು ಎಂದಾಗ ಕಪಾಟಿನ ಸೀಸೆಗಳು ಝಣ್ ಎಂದವು,
ಆಮೇಲೆ ಅವಳಿಗೆ ಕೆಮ್ಮು ಬಂತು.

ನಾನು ಬಲ್ಲ ಒಂದೇ ವಿದ್ಯೆ ಹೇಳಿಕೊಟ್ಟೆ:
ಕತ್ತಿ ಕೆನ್ನೆಯ ಮೇಲೆ ಜಾರಬೇಕು,
ಗದ್ದದ ಗುಳಿಗೆ ಬಂದಾಗ ತಡೆಯಬೇಕು.
ಎಲ್ಲೆಡೆ ಒತ್ತಿದರೆ ರಕ್ತ.

ಗುರುವಾರ. ಬೇಕರಿಯವ ಕೂಗಿದ, ಮೇಜು ಗುದ್ದಿದ;
ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ.
ಎರ್ಮೆಲಿಂಡ ಎದ್ದಳು. ಚೀಟಿ ಕೈಚೀಲದಲ್ಲೇ ಉಳಿಯಿತು.
ಕಲಿತದ್ದೆಲ್ಲ ಮರೆತಳೆಂದು ನಾನು ಟೋಪಿ ಹಿಂಡಿದೆ.
ಮೈಕಿನೆದುರು ಅದೇ ಹಳೆಯ ಸಪಾಟು ದನಿ:

"ನಾಲ್ಕೂವರೆಯ ರೈಲು ಹೊರಡುತ್ತಿದೆ.
ನಿಲ್ಲುವ ಊರುಗಳು: ಕೋವಾಸ್. ರಿಬೈರಿನ್ಯ. ಮೋಂತಿ ಆಲ್ತು."

ಆಮೇಲೆ ನಮ್ಮೂರಿನ ಹೆಸರು ಬರಬೇಕು.
ಬರಲಿಲ್ಲ.
ಒಂದು ಹೆಸರು ಹಿಡಿಯುವಷ್ಟೇ ಜಾಗ ಅಳೆದು
ಖಾಲಿ ಬಿಟ್ಟಳು.
ಯಾರದೋ ಕುರ್ಚಿ ಕಿರುಗುಟ್ಟಿತು.

"ಸಾಂತಾ ಕೊಂಬಾ. ಪಿನ್ಯೆರು. ಪ್ರಯಾಣಿಕರು ಗಮನಿಸಬೇಕು."

ಹಿಂದಿನ ಸಾಲಿನ ಮುದುಕನೊಬ್ಬ ತಡೆಯಲಾರದೆ
"ಫ್ರೈಶಿಯಾಲ್! ಫ್ರೈಶಿಯಾಲ್!" ಎಂದ,
ಇಳಿಯುವ ಊರು ದಾಟಿಹೋದವನ ಗಾಬರಿಯಲ್ಲಿ.

ಅಧಿಕಾರಿ ಗಡಿಯಾರ ನೋಡಿದ:
ಇನ್ನೂ ಎರಡು ನಿಮಿಷವಿದೆ, ಮೇಡಂ.
"ಇರಲಿ" ಎಂದಳು, ಕೂತಳು.

ತೀರ್ಮಾನ ಇನ್ನೂ ಬಂದಿಲ್ಲ.
ಅವಳೂ ಈಚೆಗೆ ಅಂಗಡಿಯ ಕಡೆ ಬಂದಿಲ್ಲ.
ಈಗೀಗ ಗಿರಾಕಿಯ ಗದ್ದದ ಹತ್ತಿರ ಬಂದಾಗ
ಕತ್ತಿ ಎತ್ತಿ ಒಂದು ಗಳಿಗೆ ಸುಮ್ಮನಿರುತ್ತೇನೆ.
"ಏನಾಯ್ತು ಗಾಸ್ಪರ್?" ಎಂದು
ನೊರೆಯೊಳಗಿಂದ ಕಣ್ಣು ತೆರೆಯುತ್ತಾರೆ.