ಬೆಲೆ ಹೇಳು, ಚುಂಡೆ

ಆನೆಕಂದಕದ ದಿಬ್ಬದ ಮೇಲೆ ಮಾತ್ರ
ಎರಡು ಕಡ್ಡಿ ಸಿಗ್ನಲ್ಲು.
ಅಲ್ಲೇ ಚಾಪೆ ಹಾಸಿ, ಮೊರದ ತುಂಬ
ಸೂಜಿಮೆಣಸು ಹರವಿ ಕೂತಳು ಚುಂಡೆ.

ಫೋನು ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ.
ಮೂರು ಸಲ ಒತ್ತಿದರೂ ಇಲ್ಲ.
ಕಾಫಿ ಕೊಯ್ದು ಕೊಯ್ದು ಗೆರೆಯೆಲ್ಲ ಸವೆದಿದೆ;
ಸಾವ್ಕಾರರ ಸಾಲದ ಪುಸ್ತಕ ಮಾತ್ರ
ಒಂದೇ ಸಲಕ್ಕೆ ಒಪ್ಪಿತ್ತು, ಅಂದು ನಕ್ಕಳು.

ನನ್ನ ಬೆರಳಿಟ್ಟು ತೆರೆದೆ. ವಿಡಿಯೊ ಓಡಿತು.
ತಿತಿಮತಿ ಹಾಡಿ, ಹಕ್ಕುಪತ್ರದ ಮುಕ್ಕಾಲೆಕರೆ,
ಗೊಬ್ಬರಕ್ಕೆ ಬರೀ ಸಗಣಿ, ಬೂದಿ,
ಕಾವಲಿಗೊಂದು ಕುಂಟು ನಾಯಿ,
ಎಲ್ಲ ಹೇಳಿದಳು, ನಡುನಡುವೆ ಎರವ ಮಾತು ಬೆರೆಸಿ.

'ಬೆಲೆ ಹೇಳು, ಚುಂಡೆ.'

ಬಾಯಿ ನಿಂತಿತು.
ಇಷ್ಟು ವರ್ಷ ಗೋಣಿಕೊಪ್ಪದ ಸಂತೆಯಲ್ಲಿ
ಬೆಲೆ ಎಂದರೆ ತಕ್ಕಡಿಯ ಆಚೆಯವರು ಹೇಳುವುದು,
ಇವಳು ತಲೆಯಾಡಿಸುವುದು.

ಮರಕುಟಿಗ ಎಲ್ಲೋ ಎರಡು ಸಲ ಬಡಿಯಿತು.
ಒಂದು ಮೆಣಸು ಎತ್ತಿ ಬೆಳಕಿಗೆ ಹಿಡಿದಳು,
ಕಚ್ಚಿದಳು. ಕಣ್ಣಲ್ಲಿ ನೀರು.
'ಕಿಲೋಗೆ ಆರುನೂರು' ಎಂದಳು,
ಆಮೇಲೆ ನನ್ನತ್ತ ತಿರುಗಿ, ಪಿಸುದನಿಯಲ್ಲಿ:
'ಹೆಚ್ಚಾಯಿತಾ?'

ಅದನ್ನೂ ಕತ್ತರಿಸದೆ ಕಳಿಸಿದೆ.