ಒಂದು ಗಾಲಿ ನಮ್ಮದು

ಸೊಲ್ಲಾಪುರ ರಸ್ತೆಯ ಶೋರೂಮಿನಾಗ
ಟೈ ಕಟ್ಟಿದ ಹುಡುಗ ಮುದಸ್ಸರ್
ನಮ್ಮವರ ಮುಂದ ನಿಂತು ಒಂದ ಸವನ ಹೇಳಾಕತ್ತಿದ್ದ:
ಟರ್ಬೊ ಐತಿ ಸರ್, ಸನ್‌ರೂಫ್ ಐತಿ ಸರ್, ಏರ್‌ಬ್ಯಾಗ್ ಆರು ಸರ್.
ನಾ ಸರ್ ಅಲ್ಲ.
ಬಾನೆಟ್ಟಿನಾಗ ನನ್ನ ಮಾರಿ ಅಗಲಾಗಿ ಕಾಣತಿತ್ತು,
ಹಂಚಿನ ಮ್ಯಾಲ ಉಬ್ಬಿದ ರೊಟ್ಟಿಯಂಗ.

ಸನ್‌ರೂಫ್ ಅಂದ್ರೇನಂತ ಅತ್ತಿ ಕೇಳಿದಳು.
ಹುಡುಗ ಗುಂಡಿ ಒತ್ತಿ ತಗದು ತೋರಿಸಿದ.
"ನಮ್ಮ ವಿಜಾಪುರದಾಗ ಬಿಸಲಿಗೆ
ಬಾಗಲಾ ಬ್ಯಾರೆ ಮಾಡಿಸಬೇಕೇನೋ ತಮ್ಮಾ?"
ಅಲ್ಲಿಗೆ ಎಂಬತ್ತು ಸಾವಿರ ಉಳೀತು.

ಮೊದಲನೇ ಗಾಡಿ ಅಗ್ಗ, ಆದರ ತಗ್ಗು.
ಕುಂತ ಅತ್ತಿಯನ್ನು ಎಬ್ಬಸಾಕ ಇಬ್ಬರು ಬಂದರು,
ಬಾವ್ಯಾಗಿಂದ ಕೊಡ ಜಗ್ಗಿದಂಗ.
ಎರಡನೇದು ಎತ್ತರ. ಮೊಳಕಾಲು ಒಪ್ಪಲಿಲ್ಲ.
ಮೂರನೇದರಾಗ ಹಿಂದ ಸರದು, ಸೆರಗು ಸರಿಮಾಡಿ,
ಮನಿ ಮುಂದಿನ ಕಟ್ಟಿ ಮ್ಯಾಲ ಕುಂತಂಗ ಕುಂತು
"ಎಲಿ ಅಡಕಿ ಚೀಲ ಎಲ್ಲಿಡೂದು?" ಅಂದಳು.
ಇದ ಅಂತ ಆವಾಗ ಗೊತ್ತಾತು.

ಡಿಕ್ಕಿ ಎಷ್ಟು ಹಿಡೀತೈತಿ, ನಾ ಕೇಳಿದೆ.
ಮುನ್ನೂರಾ ಎಂಬತ್ತು ಲೀಟರ್, ಸರ್, ಅಂದ.
ನಾ ಮಾರೂದು ಹಾಲಲ್ಲಪ್ಪ, ಖಡಕ್ ರೊಟ್ಟಿ.
ಆಟೋದಾಗಿಂದ ನನ್ನ ತಗಡಿನ ಡಬ್ಬಿ ತರಸಿ
ಒಂದೊಂದಾಗಿ ಇಟ್ಟು ನೋಡಿದೆ.
ಐದು ಕುಂತವು. ಆರನೇದು ಮಗಳ ತೊಡಿ ಮ್ಯಾಲ.

ಟೆಸ್ಟ್ ಡ್ರೈವ್.
ಇಪ್ಪತ್ತೆರಡು ವರ್ಷ ಮಂದಿ ಹೊತ್ತು
ಇಂಡಿ, ಸಿಂದಗಿ, ಪಂಢರಪುರ ತಿರುಗಿದ ಕೈ ಅವು.
ಅಥಣಿ ರಸ್ತೆದಾಗ, ಬೇವಿನ ಗಿಡದ ಕೆಳಗ
ಚೀಲ ಹಿಡದು ಯಾರೋ ನಿಂತಿದ್ದರು.
ಇವರು ಎಡಕ್ಕ ತಗೊಂಡು ನಿಲ್ಲಿಸೇಬಿಟ್ಟರು.
ಬಂದ್ ಬಿತ್ತೇನ್ ಸರ್, ಅಂತ ಮುದಸ್ಸರ್ ಗಾಬರಿ.
ನಿಂತಾಕಿ ನಮ್ಮನ್ನ ನೋಡಿದಳು, ನಾವು ಆಕಿನ್ನ.
ಯಾರೂ ಹತ್ತಲಿಲ್ಲ, ಯಾರೂ ಇಳೀಲಿಲ್ಲ.

ರೇಟು ಅನ್ನೂದು ಗೋಳಗುಮ್ಮಟದಾಗ ಕೂಗಿದಂಗ:
ನಾವು ಒಂದು ಅಂದರ ಅದು ಏಳು ಅಂತೈತಿ.
ರೋಡ್ ಟ್ಯಾಕ್ಸು, ವಿಮಾ, ಫಾಸ್ಟ್ಯಾಗು,
ಕಾಲಾಗಿನ ಮ್ಯಾಟಿಗೆ ಆರು ಸಾವಿರ!
ಮ್ಯಾಟು ಬ್ಯಾಡ. ಹಳೇ ಕೌದಿ ಐತಿ.
ಕಡೀಕ ಒಂಬತ್ತು ನಲವತ್ತೇಳಕ್ಕ ನಿಂತಿತು.

ಬ್ಯಾಂಕಿನ ಮೇಡಂ ಕಾಗದ ಹೊರಳಿಸಿ
ಮುಖ್ಯ ಅರ್ಜಿದಾರರು ಯಾರು ಅಂದರು.
ಇವರ ಪಿ.ಎಫ್. ನಾದಿನಿ ಲಗ್ನಕ್ಕ ಹೋಗಿತ್ತು.
ರೊಟ್ಟಿ ಕೇಂದ್ರ ಇರೂದು ನನ್ನ ಹೆಸರಿಲೆ.
ನೀಲಾಂಬಿಕಾ ಗುರುಪಾದ ಬಬಲೇಶ್ವರ,
ಹದಿನಾಲ್ಕು ಕಡೆ ಬರದೆ.
ಹತ್ತನೇದರ ಹೊತ್ತಿಗೆ ಸಹಿ ಚಂದ ಆಗಿತ್ತು.
ಮುದಸ್ಸರ್ ನನಗ ಮೇಡಂ ಅಂದು ಚಹಾ ತರಸಿದ.
ಸಕ್ಕರಿ ಜಾಸ್ತಿ ಇತ್ತು.

ಎರಡು ಲಕ್ಷ ಮೂವತ್ತೇಳು ಸಾವಿರ ರೊಕ್ಕ ಎಣಿಸುವಾಗ
ಮಷೀನಿನ ಬಾಯಾಗ ಒಂದೀಟು ಜ್ವಾಳದ ಹಿಟ್ಟು ಹಾರಿತು.
ಕ್ಯಾಶಿಯರ್ ಸೀನಿದ.
ಉಳಿದದ್ದು ತಿಂಗಳಾ ಹನ್ನೊಂದು ಸಾವಿರದ ನಾಲ್ಕುನೂರು,
ಏಳು ವರ್ಷ.
ಜ್ವಾಳ, ಗ್ಯಾಸು, ಬಡಿಯೋ ಹೆಣಮಕ್ಕಳ ಪಗಾರ ಹೋಗಿ
ರೊಟ್ಟಿಗೆ ಎರಡು ರೂಪಾಯಿ ನನಗ.
ದಿನಾ ನೂರಾ ತೊಂಬತ್ತು ರೊಟ್ಟಿ ಗಾಡಿ ತಿಂತೈತಿ,
ಡೀಸೆಲ್ ಬ್ಯಾರೆ.
ಇವರಿಗೆ ಈ ಲೆಕ್ಕ ಹೇಳಿಲ್ಲ.
ಹೇಳಿದರ ಮಾರನೇ ದಿನದಿಂದ ಅನ್ನ ಕೇಳತಾರ.

ಗಾಡಿ ಕೊಡೋ ದಿನ ಮಗಳು ಕೇಳಿದಳು:
"ಅವ್ವಾ, ಈಗ ಇದರಾಗ ನಮ್ದು ಎಷ್ಟು?"
ಕಾಲುಭಾಗ, ಅಂದೆ.
ಆಕಿ ಸುತ್ತ ತಿರುಗಿ ಬಂದು
"ಹಂಗಾರ ಒಂದು ಗಾಲಿ. ಯಾವುದು?"

ಅತ್ತಿ ನಾಲ್ಕು ನಿಂಬಿಹಣ್ಣು ತಂದಿದ್ದಳು.
ಎಡಗಡೆ ಹಿಂದಿನ ಗಾಲಿಗೆ ದೊಡ್ಡದು ಆರಿಸಿ ಇಟ್ಟು
"ಬ್ಯಾಂಕಿನವರಿಗೂ ದೃಷ್ಟಿ ಆಗಬಾರದು" ಅಂತ
ಉಳಿದ ಮೂರಕ್ಕೂ ಇಟ್ಟಳು.

ಇಬ್ರಾಹಿಂಪುರ ಗೇಟು ಹಾಕಿತ್ತು.
ಇವರು ಇಂಜಿನ್ ಬಂದ್ ಮಾಡಿದರು, ಡಿಪೋದ ರೂಢಿ.
ಗೂಡ್ಸ್ ಗಾಡಿ ಉದ್ದಕ್ಕ ಹೋತು, ಸಿಮೆಂಟಿಂದು.
ಗೇಟು ಎದ್ದಿತು, ಹಿಂದಿನವರು ಹಾರ್ನ್ ಹೊಡದರು,
ಇವರು ಮಾತ್ರ ಕನ್ನಡಿ ನೋಡಕೋತ ಕುಂತಾರ,
ಏನನ್ನೋ ಕಾಯಕೋತ.

ನಾ ಕೈ ಹೊರಗ ಹಾಕಿ
ಬಾಗಲಾ ಎರಡು ಸಲ ಬಡದೆ:
ರೈಟ್, ರೈಟ್.

"ಹೊಸಾ ಬಾಗಲಾ, ಮೆಲ್ಲಕ" ಅಂದಳು ಅತ್ತಿ.